ಮರಳಿ ಬರುವುದನ್ನು ಮಿದುಳು ಲೆಕ್ಕ ಇಡುತ್ತದೆ: ಆ ಗುಣವನ್ನು ಕೆಲಸಕ್ಕೆ ಹಚ್ಚುವ ಬಗೆ

ಚಿಗರಿ ಬಸ್ಸಿನಲ್ಲಿ ದಿನಾಲೂ ಹುಬ್ಬಳ್ಳಿ–ಧಾರವಾಡ ಓಡಾಡುವವರು ತಮ್ಮ ನಿಲ್ದಾಣ ಬರುವ ಮುಂಚೆಯೇ ಚೀಲ ಹೆಗಲಿಗೇರಿಸಿ ಎದ್ದು ನಿಲ್ಲುತ್ತಾರೆ. ಮೊಬೈಲಿನಲ್ಲಿ ಮುಳುಗಿದ್ದವರೂ ತಲೆ ಎತ್ತುತ್ತಾರೆ, ಕಣ್ಣು ಮುಚ್ಚಿ ಕೂತವರೂ ಎಚ್ಚರಾಗುತ್ತಾರೆ. ಬಸ್ಸು ವೇಗ ತಗ್ಗಿಸುವ ರೀತಿ, ಒಂದು ತಿರುವು, ಹತ್ತಿದಾಗಿನಿಂದ ಕಳೆದ ಹೊತ್ತು, ಹಿಂದಿನ ನಿಲ್ದಾಣದಲ್ಲಿ ಇಳಿದ ಮಂದಿಯ ಗದ್ದಲ, ಇವೆಲ್ಲ ಸೇರಿ ಅವರ ಮಿದುಳಿಗೆ ಸುದ್ದಿ ಮುಟ್ಟಿಸಿರುತ್ತವೆ. ಇದನ್ನು ಅವರಿಗೆ ಯಾರೂ ಕಲಿಸಿಲ್ಲ. ಕಲಿಯಬೇಕೆಂದು ಅವರೂ ಕೂತಿಲ್ಲ.

ಯಾವುದರ ಹಿಂದೆ ಯಾವುದು ಬರುತ್ತದೆ, ಯಾವುದರ ಜೊತೆ ಯಾವುದು ಇರುತ್ತದೆ, ಯಾವುದು ಸಾಮಾನ್ಯ, ಯಾವುದು ಅಪರೂಪ ಎಂಬ ಲೆಕ್ಕವನ್ನು ಮಿದುಳು ಸದಾ ಇಡುತ್ತಿರುತ್ತದೆ. ಆ ಲೆಕ್ಕದ ಬಲದಿಂದಲೇ ಅದು ಮುಂದಿನ ಕ್ಷಣವನ್ನು ಊಹಿಸುತ್ತದೆ. ನೋಡುವುದು, ಕೇಳುವುದು, ನಡೆಯುವುದು, ಇನ್ನೊಬ್ಬರ ಮಾತು ಅರ್ಥವಾಗುವುದು ಎಲ್ಲದರಲ್ಲೂ ಈ ಊಹೆಯ ಪಾಲಿದೆ. ನಾವು ಬೇಡವೆಂದರೂ ಈ ಕೆಲಸ ನಿಲ್ಲುವುದಿಲ್ಲ. ಮಿದುಳಿನ ಮುಂದೆ ಏನು ಮರಳಿ ಮರಳಿ ಬರಬೇಕು ಎಂದು ಆರಿಸುವುದು ಮಾತ್ರ ನಮ್ಮ ಕೈಯಲ್ಲಿದೆ.

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಹೊಸ ಕಸುಬಿಗೆ ಕೈ ಹಾಕಿದವರು, ಸಂಗೀತ ಕಲಿಯುವವರು, ಮನೆಯಲ್ಲಿ ಕೂಸು ಇರುವವರು, ವಯಸ್ಸಾದ ತಂದೆ-ತಾಯಿಯನ್ನು ನೋಡಿಕೊಳ್ಳುವವರು, ಇವರನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡು ಈ ಹೆಜ್ಜೆಗಳನ್ನು ಬರೆದಿದ್ದೇನೆ. ಎಲ್ಲ ಹೆಜ್ಜೆಗಳೂ ಎಲ್ಲರಿಗೂ ಬೇಕಾಗಲಿಕ್ಕಿಲ್ಲ. ಮೊದಲನೆಯದನ್ನು ಮಾತ್ರ ಯಾರೂ ಬಿಡಬೇಡಿ.

ಹೆಜ್ಜೆ 1: ಮಿದುಳು ಊಹಿಸುವುದನ್ನು ಕಣ್ಣಾರೆ ನೋಡಿ

ಗದಗಿನ ಹತ್ತಿರದ ಲಕ್ಕುಂಡಿಗೆ ಒಂದು ದಿನ ಹೋಗಿಬನ್ನಿ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವೇಶ್ವರ ಗುಡಿ ನೋಡುವುದಂತೂ ಇದ್ದೇ ಇದೆ. ಜೊತೆಗೆ ಈ ಕೆಲಸ ಮಾಡಿ. ಬಿಸಿಲು ಓರೆಯಾಗಿ ಮೇಲಿನಿಂದ ಬೀಳುವ ಹೊತ್ತಿನಲ್ಲಿ, ಕಲ್ಲಿನಲ್ಲಿ ಕೊರೆದ ಶಾಸನದ ಅಕ್ಷರಗಳ ಮುಂದೆ ನೇರವಾಗಿ ನಿಂತು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ. ಪರದೆ ತಾನಾಗಿ ತಿರುಗುವ ಸೌಲಭ್ಯವನ್ನು ಬಂದ್ ಮಾಡಿ. ಈಗ ಮೊಬೈಲನ್ನು ತಲೆಕೆಳಗು ಮಾಡಿ ಅದೇ ಫೋಟೊ ನೋಡಿ. ಒಳಗೆ ಕೊರೆದಿದ್ದ ಅಕ್ಷರಗಳು ಉಬ್ಬಿ ಹೊರಗೆ ಬಂದಂತೆ ಕಾಣುತ್ತವೆ. ಉಬ್ಬಿದ ಬಳ್ಳಿಯ ಫೋಟೊ ತೆಗೆದು ತಿರುಗಿಸಿದರೆ ಅದು ಒಳಗೆ ತಗ್ಗಿದಂತೆ ಕಾಣುತ್ತದೆ.

ಕಾರಣ ಹೀಗಿದೆ. ಬೆಳಕು ಮೇಲಿನಿಂದ ಬರುತ್ತಿದ್ದರೆ ತಗ್ಗಿನ ಮೇಲಂಚಿನಲ್ಲಿ ನೆರಳು, ಕೆಳಂಚಿನಲ್ಲಿ ಬೆಳಕು ಇರುತ್ತದೆ. ಉಬ್ಬಿಗೆ ಇದು ತಿರುವುಮುರುವು. ಸೂರ್ಯ ಮೇಲೆ, ಚಂದ್ರ ಮೇಲೆ, ಮನೆಯ ದೀಪವೂ ಮೇಲೆ. ನಾವು ಕಣ್ಣು ಬಿಟ್ಟಾಗಿನಿಂದ ಇದು ತಪ್ಪಿದ್ದು ಅಪರೂಪ. ಆದ್ದರಿಂದ ಮಿದುಳು ಬೆಳಕು ಎಲ್ಲಿಂದ ಬಂತೆಂದು ವಿಚಾರಿಸುತ್ತಾ ಕೂರುವುದಿಲ್ಲ. ಮೇಲಿನಿಂದಲೇ ಬಂದಿದೆ ಎಂದು ಇಟ್ಟುಕೊಂಡು ತಗ್ಗು-ಉಬ್ಬಿನ ತೀರ್ಮಾನ ಕೊಟ್ಟುಬಿಡುತ್ತದೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಜ್ 19ನೆಯ ಶತಮಾನದಲ್ಲೇ, ನೋಡುವುದು ಎಂದರೆ ನಮ್ಮ ಅರಿವಿಗೆ ಬಾರದೆ ನಡೆಯುವ ಒಂದು ಅನುಮಾನ ಎಂದು ವಾದಿಸಿದ್ದರು. ತಮಿಳುನಾಡಿನಲ್ಲಿ ಹುಟ್ಟಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ನೆರಳು-ಬೆಳಕಿನ ದುಂಡು ಚಿತ್ರಗಳನ್ನು ತೋರಿಸಿ, ಮಿದುಳು ಬೆಳಕಿನ ಬಗ್ಗೆ ಇಟ್ಟುಕೊಂಡ ಈ ನಂಬಿಕೆಯನ್ನು ಎಲ್ಲರೂ ಕಾಣುವಂತೆ ಮಾಡಿದರು.

ಲಕ್ಕುಂಡಿಯಲ್ಲಿ ಇದ್ದಾಗಲೇ ಇನ್ನೊಂದು ಫೋಟೊ ತೆಗೆಯಿರಿ, ಯಾವುದಾದರೂ ಮೂರ್ತಿಯ ಮುಖದ್ದು. ಅದನ್ನು ತಿರುಗಿಸಿದರೆ ಮುಖ ಸುಲಭಕ್ಕೆ ಒಳಗೆ ತಗ್ಗಿದಂತೆ ಕಾಣುವುದಿಲ್ಲ. ಮುಖ ಯಾವಾಗಲೂ ಹೊರಗೆ ಉಬ್ಬಿರುತ್ತದೆ ಎಂಬ ಇನ್ನೊಂದು ಅನುಭವ ಇಲ್ಲಿ ಅಡ್ಡ ಬರುತ್ತದೆ. ಎರಡು ಅನುಭವಗಳು ಎದುರಾದಾಗ ಹೆಚ್ಚು ಗಟ್ಟಿಯಾದದ್ದು ಗೆಲ್ಲುತ್ತದೆ. ಮುಂದಿನ ಹೆಜ್ಜೆಗಳಲ್ಲಿ ಈ ಮಾತು ಬೇಕಾಗುತ್ತದೆ, ನೆನಪಿರಲಿ. ಅಷ್ಟು ದೂರ ಹೋಗಲು ಆಗದವರು ಉಸುಕಿನ ಮೇಲಿನ ಹೆಜ್ಜೆ ಗುರುತಿನ ಫೋಟೊ ತೆಗೆದರೂ ಸಾಕು.

ಕಿವಿಗೂ ಇದೇ ಗುಣ ಇದೆ. ಫ್ಯಾನಿನ ಸಪ್ಪಳ ರಾತ್ರಿಯಿಡೀ ಇರುತ್ತದೆ, ಯಾರಿಗೂ ಕೇಳಿಸುವುದಿಲ್ಲ. ಕರೆಂಟು ಹೋಗಿ ಅದು ನಿಂತ ಕೂಡಲೇ ಎಚ್ಚರವಾಗುತ್ತದೆ. ಒಂದೇ ಬಗೆಯ ಸದ್ದಿನ ಸಾಲಿನಲ್ಲಿ ಬೇರೆ ಸದ್ದೊಂದು ಬಂದರೆ, ನಾವು ಗಮನ ಕೊಡದಿದ್ದರೂ ಸೆಕೆಂಡಿನ ಕಾಲು ಭಾಗದೊಳಗೆ ಮಿದುಳಿನ ವಿದ್ಯುತ್ ಅಲೆಯಲ್ಲಿ ಅದರ ಗುರುತು ಮೂಡುತ್ತದೆ. ಫಿನ್ಲೆಂಡಿನ ನ್ಯಾಟಾನೆನ್ ಮತ್ತು ಸಂಗಡಿಗರು ಇದನ್ನು 1978ರಲ್ಲಿ ವರದಿ ಮಾಡಿದರು. ನಿರೀಕ್ಷೆಯಂತೆ ಬಂದದ್ದಕ್ಕೆ ಮಿದುಳು ಹೆಚ್ಚು ಶಕ್ತಿ ಖರ್ಚು ಮಾಡುವುದಿಲ್ಲ, ನಿರೀಕ್ಷೆ ತಪ್ಪಿದಾಗ ಎದ್ದು ಕೂರುತ್ತದೆ.

ಹೆಜ್ಜೆ 2: ನಿಯಮ ಕೇಳುವ ಮೊದಲು ಮಾದರಿಗಳನ್ನು ರಾಶಿ ಹಾಕಿ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಹಿರಿಯ ವ್ಯಾಪಾರಿಯನ್ನು ಕೇಳುತ್ತಾನೆ ಎಂದುಕೊಳ್ಳಿ: "ಕಾಕಾ, ಇದು ಒಳ್ಳೇ ಮಾಲು ಅಂತ ಹೆಂಗ ತಿಳೀತು?" ಉತ್ತರ ಬಹುಪಾಲು ಒಂದೇ ಇರುತ್ತದೆ: "ನೋಡಿದ್ರ ತಿಳೀತೈತಿ ತಮ್ಮಾ." ಇದರಲ್ಲಿ ಮುಚ್ಚುಮರೆ ಏನೂ ಇಲ್ಲ. ಬಣ್ಣದ ಕಡುಪು, ಸಿಪ್ಪೆಯ ಸುಕ್ಕು, ಮುಷ್ಟಿಯಲ್ಲಿ ಹಿಡಿದಾಗಿನ ಸಪ್ಪಳ, ಒಳಗೆ ಉಳಿದ ಹಸಿ, ಘಾಟು, ಇಷ್ಟನ್ನೂ ಅವರ ಮಿದುಳು ವರ್ಷಾನುಗಟ್ಟಲೆ ಒಟ್ಟೊಟ್ಟಿಗೆ ಕಂಡು ಜೋಡಿಸಿಟ್ಟಿದೆ. ಅವರಿಗೆ ಕಾಣುವುದು ತೀರ್ಮಾನ ಮಾತ್ರ, ಅದರ ಹಿಂದಿನ ಲೆಕ್ಕ ಅವರಿಗೂ ಕಾಣುವುದಿಲ್ಲ.

ಆದ್ದರಿಂದ ಕಲಿಯುವವರು "ಹೆಂಗ ತಿಳೀತು" ಎಂದು ಕೇಳುವುದನ್ನು ಬಿಟ್ಟು "ಇದು ಯಾವುದು" ಎಂದು ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ಬ್ಯಾಡಗಿ ಕಡ್ಡಿ, ಬ್ಯಾಡಗಿ ಡಬ್ಬಿ, ಗುಂಟೂರು ತಳಿ ಈ ಮೂರರ ಒಂದೊಂದು ಬೊಗಸೆ ತಂದು ಬೇರೆ ಬೇರೆ ಕಾಗದದ ಮೇಲೆ ಹಾಕಿಕೊಳ್ಳಿ. ಕಡ್ಡಿ ತೆಳ್ಳಗೆ ಉದ್ದ, ಡಬ್ಬಿ ಗಿಡ್ಡ ಮತ್ತು ದಪ್ಪ, ಎರಡಕ್ಕೂ ಸುಕ್ಕುಗಟ್ಟಿದ ಸಿಪ್ಪೆ. ಗುಂಟೂರಿನದು ನುಣುಪು, ಮಿಂಚು. ಇಷ್ಟು ಬಾಯಿಮಾತು ಸಾಕು. ಆಮೇಲೆ ಮೂರನ್ನೂ ಕಲಸಿ, ಒಂದೊಂದೇ ಎತ್ತಿ ಹೆಸರು ಹೇಳಿ, ಪಕ್ಕದಲ್ಲಿ ಕೂತ ತಿಳಿದವರಿಂದ ಆ ಕ್ಷಣವೇ ಸರಿ-ತಪ್ಪು ಕೇಳಿ. ತಡವಾಗಿ ಸಿಕ್ಕ ಉತ್ತರಕ್ಕೆ ಅರ್ಧ ಬಲ. ಮೊದಲ ಕೆಲವು ದಿನ ತಪ್ಪುಗಳೇ ಹೆಚ್ಚು. ಆಮೇಲೆ ಕಾರಣ ಹೇಳಲು ಬಾರದೆಯೇ ಉತ್ತರ ಸರಿ ಬರತೊಡಗುತ್ತದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಮೆಣಸಿನಕಾಯಿಯ ಬೆಲೆ ಖಾರಕ್ಕಿಂತ ಬಣ್ಣದ ಮೇಲೆ ನಿಂತಿದೆ. ಹಾಗಾಗಿ ಆ ಕಣ್ಣು ಬೆಳೆಸಿಕೊಂಡವರಿಗೆ ಮಾರುಕಟ್ಟೆಯಲ್ಲಿ ಕಿಮ್ಮತ್ತು ಇದೆ.

ಈ ಗುಣ ಎಷ್ಟು ಬೇಗ ಶುರುವಾಗುತ್ತದೆ ಎಂಬುದಕ್ಕೆ 1996ರ ಒಂದು ಪ್ರಯೋಗ ಸಾಕ್ಷಿ. ಅಮೆರಿಕದ ಸಂಶೋಧಕಿ ಜೆನ್ನಿ ಸ್ಯಾಫ್ರನ್ ಮತ್ತು ಸಂಗಡಿಗರು 8 ತಿಂಗಳ ಕೂಸುಗಳಿಗೆ ಅರ್ಥವಿಲ್ಲದ ನಾಲ್ಕು ಪದಗಳನ್ನು, ನಡುವೆ ಎಲ್ಲೂ ಬಿಡುವಿಲ್ಲದೆ, ಏರಿಳಿತವಿಲ್ಲದೆ, ಎರಡೇ ನಿಮಿಷ ಕೇಳಿಸಿದರು. ಬಿಡಾಕು, ಪಡೋಟಿ, ಗೋಲಾಬು, ಟುಪಿರೊ, ಹೀಗೆ. ಒಂದು ಪದದ ಒಳಗೆ "ಬಿ"ಯ ಹಿಂದೆ "ಡಾ" ತಪ್ಪದೆ ಬರುತ್ತದೆ. ಪದ ಮುಗಿದ ಮೇಲೆ ಮುಂದಿನ ಅಕ್ಷರ ಮೂರರಲ್ಲಿ ಯಾವುದಾದರೂ ಆಗಬಹುದು. ಪದಗಳ ಗಡಿ ತಿಳಿಯಲು ಬೇರೆ ಯಾವ ಸುಳಿವೂ ಇರಲಿಲ್ಲ. ಎರಡು ನಿಮಿಷದ ನಂತರ ಕೂಸುಗಳು ನಿಜವಾದ ಪದಗಳಿಗೂ ಗಡಿ ದಾಟಿ ಕತ್ತರಿಸಿದ ತುಂಡುಗಳಿಗೂ ಇರುವ ಭೇದ ಗುರುತಿಸಿದವು. ಹೊಸದೆನಿಸಿದ ತುಂಡುಗಳನ್ನು ಹೆಚ್ಚು ಹೊತ್ತು ಆಲಿಸಿದವು. ತೊಟ್ಟಿಲ ಕೂಸು ಮಾಡುವ ಈ ಲೆಕ್ಕವನ್ನು ನಾವು ದೊಡ್ಡವರಾದ ಮೇಲೂ ಬಿಟ್ಟಿಲ್ಲ.

ಪರೀಕ್ಷೆಗೆ ಓದುವವರಿಗೂ ಇದೇ ಮಾತು. ಸಂಧಿಯ ಸೂತ್ರವನ್ನು ಹತ್ತು ಸಲ ಬಾಯಿಪಾಠ ಮಾಡುವುದಕ್ಕಿಂತ ಲೋಪ, ಆಗಮ, ಆದೇಶ ಮೂರರ ಉದಾಹರಣೆಗಳನ್ನು ಕಲಸಿಟ್ಟುಕೊಂಡು ಬಿಡಿಸುವುದು ಮೇಲು. ಸೂತ್ರ ಬೇಡವೆಂದಲ್ಲ, ಕಣ್ಣು ಪಳಗಿದ ಮೇಲೆ ಅದನ್ನು ಓದಿದರೆ ಒಂದೇ ಓದಿಗೆ ಕೂರುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಚೇಸ್ ಮತ್ತು ಸೈಮನ್ 1973ರಲ್ಲಿ ಚದುರಂಗದ ನಿಪುಣರಿಗೆ ಆಟದ ನಡುವಿನ ಹಲಗೆಯನ್ನು 5 ಸೆಕೆಂಡು ತೋರಿಸಿದರು. ಅವರು ಬಹುಪಾಲು ಕಾಯಿಗಳನ್ನು ನೆನಪಿನಿಂದ ಮರಳಿ ಇಟ್ಟರು, ಹೊಸಬರಿಗೆ ನಾಲ್ಕಾರು ಕಾಯಿಗಳಷ್ಟೇ ಸಾಧ್ಯವಾಯಿತು. ಕಾಯಿಗಳನ್ನು ಅಡ್ಡಾದಿಡ್ಡಿ ಇಟ್ಟು ತೋರಿಸಿದಾಗ ನಿಪುಣರ ಮೇಲುಗೈ ಮಾಯವಾಯಿತು. ಅವರ ನೆನಪಿನ ಶಕ್ತಿ ದೊಡ್ಡದಾಗಿರಲಿಲ್ಲ, ಚದುರಂಗದ ಜೋಡಣೆಗಳಷ್ಟೇ ಅವರಿಗೆ ಪಳಗಿದ್ದವು. ಒಂದು ವಿಷಯದ ಪರಿಚಯ ಇನ್ನೊಂದಕ್ಕೆ ತಾನಾಗಿ ಹರಿದುಹೋಗುವುದಿಲ್ಲ. ಹೀಗಾಗಿ "ನೆನಪಿನ ಶಕ್ತಿ ಹೆಚ್ಚಿಸುತ್ತೇವೆ" ಎನ್ನುವ ತರಬೇತಿಗೆ ಕೊಡುವ ಹಣವನ್ನು ನೀವು ಬರೆಯಲಿರುವ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳಿಗೆ ಕೊಡಿ ಎಂದೇ ನನ್ನ ಸಲಹೆ.

ಹೆಜ್ಜೆ 3: ಮೊದಲು ಊಹಿಸಿ, ಆಮೇಲೆ ನೋಡಿ

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಫಲ ಕೊಡುವ ಹೆಜ್ಜೆ ಇದು. ಮಿದುಳು ಕಲಿಯುವುದು ಊಹೆಗೂ ನಡೆದದ್ದಕ್ಕೂ ನಡುವೆ ಅಂತರ ಬಿದ್ದಾಗ. ವೋಲ್ಫ್‌ರಾಮ್ ಶುಲ್ಟ್ಜ್ ಅವರ ಪ್ರಯೋಗಗಳಲ್ಲಿ ಕೋತಿಗಳಿಗೆ ಒಂದು ಸೂಚನೆ ಕೊಟ್ಟು ನಂತರ ಹಣ್ಣಿನ ರಸ ಕೊಡುತ್ತಿದ್ದರು. ಮೊದಮೊದಲು ರಸ ಬಾಯಿಗೆ ಬಿದ್ದಾಗ ಅವುಗಳ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುವ ನರಕೋಶಗಳು ಮಿಡಿದವು. ಕಲಿತ ಮೇಲೆ ಸೂಚನೆಗೇ ಮಿಡಿದವು, ರಸ ಬಂದಾಗ ಸುಮ್ಮನಿದ್ದವು. ಸೂಚನೆ ಕೊಟ್ಟು ರಸ ಕೊಡದೆ ಹೋದರೆ, ರಸ ಬರಬೇಕಿದ್ದ ಸರಿಯಾದ ಹೊತ್ತಿಗೆ ಅವುಗಳ ಮಿಡಿತ ತಗ್ಗಿತು. 1997ರಲ್ಲಿ ಶುಲ್ಟ್ಜ್, ಡಾಯನ್ ಮತ್ತು ಮಾಂಟೆಗ್ ಇದನ್ನು ಊಹೆಯ ತಪ್ಪಿನ ಸಂಕೇತವೆಂದು ವಿವರಿಸಿದರು. ಊಹೆಯೇ ಇಲ್ಲದಿದ್ದರೆ ತಿದ್ದಿಕೊಳ್ಳಲು ತಪ್ಪೂ ಸಿಗುವುದಿಲ್ಲ.

ಓದುವಾಗ ಇದನ್ನು ಹೀಗೆ ಮಾಡಿ. ಪಾಠದ ತಲೆಬರಹ ನೋಡಿ ಪುಸ್ತಕ ಮುಚ್ಚಿ, ಒಳಗೆ ಏನಿರಬಹುದೆಂದು ಎರಡು ಸಾಲು ಬರೆಯಿರಿ. ಆಮೇಲೆ ಓದಿ. ಓದಿ ಮುಗಿದ ಮೇಲೆ ಮತ್ತೆ ಪುಸ್ತಕ ಮುಚ್ಚಿ ನೆನಪಿನಿಂದ ಬರೆಯಿರಿ, ಆಮೇಲೆ ತೆರೆದು ತಾಳೆ ನೋಡಿ. ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಕಂಡದ್ದು: ಒಂದೇ ಪಾಠವನ್ನು ಮತ್ತೆ ಮತ್ತೆ ಓದಿದವರು 5 ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ನಾಳೆಯ ಪರೀಕ್ಷೆಯಲ್ಲ, ಮುಂದಿನ ತಿಂಗಳ ಪರೀಕ್ಷೆ ಮುಖ್ಯವಾದವರು ಎರಡನೆಯ ದಾರಿ ಹಿಡಿಯಲಿ. ಪುಸ್ತಕ ಮುಚ್ಚಿದಾಗ "ಏನೂ ಬರವಲ್ದು" ಎಂಬ ಸಂಕಟ ಆಗುತ್ತದೆ. ಆ ಸಂಕಟವನ್ನು ತಪ್ಪಿಸಿಕೊಳ್ಳಲು ಬೇಗ ಪುಸ್ತಕ ತೆರೆಯಬೇಡಿ, ಒಂದೆರಡು ನಿಮಿಷ ಹೆಣಗಿ.

ಸಂಗೀತದಲ್ಲಿ ಇದೇ ಹೆಜ್ಜೆ ಬಹಳ ಸೊಗಸಾಗಿ ಬರುತ್ತದೆ, ಮತ್ತು ಧಾರವಾಡ-ಗದಗ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ತೀನ್‌ತಾಲದ 16 ಮಾತ್ರೆಗಳ ಠೇಕಾ, ಅಂದರೆ ತಬಲಾದಲ್ಲಿ ಮರಳಿ ಮರಳಿ ನುಡಿಸುವ ಬೋಲುಗಳ ಸುತ್ತು, ಹೀಗೆ: ಧಾ ಧಿನ್ ಧಿನ್ ಧಾ, ಧಾ ಧಿನ್ ಧಿನ್ ಧಾ, ಧಾ ತಿನ್ ತಿನ್ ತಾ, ತಾ ಧಿನ್ ಧಿನ್ ಧಾ. ಮೂರನೆಯ ಭಾಗದಲ್ಲಿ ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯ) ಗುಂಯ್ ನಾದ ಹಿಂದೆ ಸರಿಯುತ್ತದೆ, ನಾಲ್ಕನೆಯದರಲ್ಲಿ ಮರಳಿ ಬರುತ್ತದೆ, ಆಗ ಸಮ್, ಅಂದರೆ ಸುತ್ತಿನ ಮೊದಲ ಮಾತ್ರೆ, ಹತ್ತಿರವಾಯಿತೆಂದು ಕೇಳುವವರ ಮೈಗೆ ತಿಳಿಯುತ್ತದೆ. ಮಧ್ಯಲಯದ, ಅಂದರೆ ನಡುವೇಗದ, ಒಂದು ಬಂದಿಶ್ (ಹಾಡಿನ ರಚನೆ) ಹಾಕಿಕೊಳ್ಳಿ. ಬೆರಳಿನಲ್ಲಿ ಮಾತ್ರೆ ಎಣಿಸಬೇಡಿ. ಸಮ್ ಬರುತ್ತದೆ ಎನಿಸಿದ ಕಡೆ ಒಂದು ಚಪ್ಪಾಳೆ ತಟ್ಟಿ. ತಪ್ಪಿದರೆ ತಪ್ಪಲಿ, ಮುಂದಿನ ಸುತ್ತಿಗೆ ಕಾಯಿರಿ. ಕೆಲ ದಿನ ಇದನ್ನೇ ಮಾಡಿದರೆ ಡಗ್ಗಾ ಮರಳಿದ ಕೂಡಲೇ ಕೈ ತಾನಾಗಿ ಸಿದ್ಧವಾಗುತ್ತದೆ. ಒಂದೇ ತುಣುಕನ್ನು ಮೂರು ಸಲ ನುಡಿಸಿ ಸಮ್‌ಗೆ ತಂದು ಕೂಡಿಸುವ ತಿಹಾಯಿಯ ಸುಖ ನಿಮಗೆ ತಿಳಿಯುವುದು ಆಮೇಲೆಯೇ. ಸಮ್ ಎಲ್ಲಿದೆಯೆಂದು ಗೊತ್ತಿಲ್ಲದವರಿಗೆ ಅದು ಬರೀ ವೇಗವಾಗಿ ಕೇಳಿಸುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳನ್ನು ಗಾಯಕರಾಗಿ, ವಾದಕರಾಗಿ ಬೆಳೆಸಿದರು. ಮರಳಿ ಬರುವ ನಾದವನ್ನು ಕಿವಿಯೊಂದೇ ಎಷ್ಟು ದೂರ ಹಿಂಬಾಲಿಸಬಲ್ಲದು ಎಂಬುದನ್ನು ಆ ಮಕ್ಕಳಲ್ಲಿ ಕೇಳಬೇಕು.

ಹೆಜ್ಜೆ 4: ತಪ್ಪದ ಸೂಚನೆಗೆ ಕೆಲಸವನ್ನು ಕಟ್ಟಿ

"ದಿನಾ ಓದುತ್ತೇನೆ" ಎಂಬ ಸಂಕಲ್ಪಕ್ಕೆ ಮಿದುಳು ಹಿಡಿದುಕೊಳ್ಳುವಂಥ ಗೂಟ ಇಲ್ಲ. "ಸಂಜೆ ದೇವರ ಮುಂದೆ ದೀಪ ಹಚ್ಚಿದ ಮೇಲೆ ಮೂಲೆಯ ಮೇಜಿಗೆ ಕೂತು ಗಣಿತ ತೆರೆಯುತ್ತೇನೆ" ಎಂದರೆ ಗೂಟ ಇದೆ. ಸೂಚನೆ ಆರಿಸುವಾಗ ಒಂದೇ ಪರೀಕ್ಷೆ: ಅದು ದಿನವೂ ತಪ್ಪದೆ ಬರುತ್ತದೆಯೇ? ನಮ್ಮಲ್ಲಿ ಎಷ್ಟೋ ಓಣಿಗಳಿಗೆ ನಳದ ನೀರು ಯಾವಾಗ ಬರುತ್ತದೆಂದು ಹೇಳಲಾಗದು, ಹಾಗಾಗಿ "ನೀರು ತುಂಬಿದ ಮೇಲೆ ಓದುತ್ತೇನೆ" ಎಂಬುದು ನಿಲ್ಲುವುದಿಲ್ಲ. ಊಟ, ಚಹಾ, ದೀಪ, ಹಲ್ಲುಜ್ಜುವುದು ಇವು ನಂಬಿಕಸ್ಥ ಸೂಚನೆಗಳು.

ಎಷ್ಟು ದಿನ ಬೇಕು? 21 ದಿನ ಎಂದು ಎಲ್ಲ ಕಡೆ ಹೇಳುತ್ತಾರೆ, ಅದನ್ನು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿ ತಾನಾಗಿ ನಡೆಯುವಂತಾಗಲು ಹಿಡಿದ ಅವಧಿಯ ಮಧ್ಯಾಂಕ 66 ದಿನ, ಅಂದರೆ ಅರ್ಧ ಜನರಿಗೆ ಅದಕ್ಕಿಂತ ಕಡಿಮೆ, ಅರ್ಧ ಜನರಿಗೆ ಹೆಚ್ಚು. ಜನರಿಂದ ಜನರಿಗೆ ಅದು 18ರಿಂದ 254 ದಿನಗಳವರೆಗೆ ಹರಡಿತ್ತು. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಕಾಣಲಿಲ್ಲ. ಹಬ್ಬಕ್ಕೋ ಮದುವೆಗೋ ಊರಿಗೆ ಹೋಗಿ ಒಂದು ದಿನ ಬಿಟ್ಟವರು "ಎಲ್ಲ ಕೆಟ್ಟಿತು" ಎಂದು ಕೈಬಿಡುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಏನೂ ಕೆಟ್ಟಿರುವುದಿಲ್ಲ. ಮರುದಿನ ಅದೇ ದೀಪ, ಅದೇ ಮೇಜು.

ವಸ್ತುಗಳ ಜಾಗವೂ ಸೂಚನೆಯೇ. ಚುನ್ ಮತ್ತು ಜಿಯಾಂಗ್ 1998ರಲ್ಲಿ, ಪರದೆಯ ತುಂಬ ಹರಡಿದ ಗುರುತುಗಳ ನಡುವೆ ಒಂದನ್ನು ಹುಡುಕುವ ಕೆಲಸ ಕೊಟ್ಟಾಗ, ಮರಳಿ ಬಂದ ಜೋಡಣೆಗಳಲ್ಲಿ ಜನ ಬೇಗ ಹುಡುಕಿದರು. ಆ ಜೋಡಣೆಯನ್ನು ಹಿಂದೆ ಕಂಡಿದ್ದೇವೆಂಬುದೇ ಅವರಿಗೆ ಗೊತ್ತಿರಲಿಲ್ಲ. ಸಾಸಿವೆ, ಜೀರಿಗೆ, ಅರಿಶಿನದ ಡಬ್ಬಿಗಳನ್ನು ಅವ್ವ ಕದಲಿಸಗೊಡದಿದ್ದರೆ ಅದಕ್ಕೆ ಕಾರಣ ಇದೆ. ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ, ಟೇಲರಿನ ಮೇಜಿನ ಮೇಲೆ ಸಾಮಾನಿನ ಜಾಗ ಒಮ್ಮೆ ಗೊತ್ತು ಮಾಡಿ, ಬದಲಿಸಬೇಡಿ.

ಆದರೆ ಪರೀಕ್ಷೆಗೆ ಓದುವವರಿಗೆ ಒಂದು ತೊಡಕು ಇದೆ. ಗಾಡನ್ ಮತ್ತು ಬ್ಯಾಡ್ಲಿ 1975ರಲ್ಲಿ ನೀರೊಳಗೆ ಪದಗಳನ್ನು ಕಲಿತ ಮುಳುಗುಗಾರರು ನೀರೊಳಗೇ ಹೆಚ್ಚು ನೆನಪಿಸಿಕೊಂಡದ್ದನ್ನು, ದಂಡೆಯಲ್ಲಿ ಕಲಿತವರು ದಂಡೆಯಲ್ಲೇ ಹೆಚ್ಚು ನೆನಪಿಸಿಕೊಂಡದ್ದನ್ನು ತೋರಿಸಿದರು. ಓದಿದ ಜಾಗವೂ ಓದಿನ ಜೊತೆ ಅಂಟಿಕೊಳ್ಳುತ್ತದೆ. ಹೀಗಾಗಿ ಕೂರುವ ರೂಢಿ ಗಟ್ಟಿಯಾಗುವವರೆಗೆ ಒಂದೇ ಜಾಗ ಇರಲಿ. ರೂಢಿ ಆದ ಮೇಲೆ ಕೆಲವು ಮಾದರಿ ಪರೀಕ್ಷೆಗಳನ್ನು ಬೇರೆ ಕೋಣೆಯಲ್ಲಿ, ಗ್ರಂಥಾಲಯದಲ್ಲಿ, ಸಾಧ್ಯವಾದರೆ ಪರೀಕ್ಷೆ ನಡೆಯುವ ಹೊತ್ತಿನಲ್ಲೇ ಬರೆಯಿರಿ.

ಹೆಜ್ಜೆ 5: ಕಲಸಿ ಅಭ್ಯಾಸ ಮಾಡಿ

ಬಡ್ಡಿ ಲೆಕ್ಕ ಮೂವತ್ತು, ಆಮೇಲೆ ಕಾಲ-ಕೆಲಸದ್ದು ಮೂವತ್ತು, ಹೀಗೆ ಮಾಡುವುದು ನಮ್ಮ ಗೈಡುಗಳ ಪದ್ಧತಿ. ಇದರಲ್ಲಿ ಮಿದುಳು ಹಿಡಿಯುವ ಕ್ರಮ ಒಂದೇ: "ಹಿಂದಿನ ಲೆಕ್ಕಕ್ಕೆ ಹಚ್ಚಿದ ಸೂತ್ರವನ್ನೇ ಇದಕ್ಕೂ ಹಚ್ಚು." ಪರೀಕ್ಷೆಯಲ್ಲಿ ಆ ಕ್ರಮ ಇರುವುದಿಲ್ಲ. ರೋರರ್ ಮತ್ತು ಟೇಲರ್ 2007ರಲ್ಲಿ ಘನಾಕೃತಿಗಳ ಗಾತ್ರದ ಲೆಕ್ಕಗಳನ್ನು ಎರಡು ಗುಂಪಿಗೆ ಕೊಟ್ಟರು. ಒಂದೊಂದು ಬಗೆಯನ್ನು ಬೇರೆ ಬೇರೆಯಾಗಿ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ. 89 ಸರಿ ಮಾಡಿದರು, ಕಲಸಿ ಮಾಡಿದವರು ಶೇ. 60. ಒಂದು ವಾರದ ನಂತರ ಪರೀಕ್ಷಿಸಿದಾಗ ಮೊದಲಿನವರು ಶೇ. 20ಕ್ಕೆ ಇಳಿದಿದ್ದರು, ಕಲಸಿದವರು ಶೇ. 63ರಲ್ಲಿ ನಿಂತಿದ್ದರು.

ಹೊಸ ಬಗೆಯ ಲೆಕ್ಕವನ್ನು ಮೊದಲ ದಿನ ನಾಲ್ಕೈದು ಬೇರೆಯಾಗಿ ಮಾಡಿ, ಆ ನಂತರ ಹಳೆಯವುಗಳ ಜೊತೆ ಕಲಸಿ. ಚೀಟಿಗಳ ಮೇಲೆ ಬರೆದು ಡಬ್ಬಿಯಲ್ಲಿ ಹಾಕಿ ಎತ್ತಿಕೊಂಡರೂ ನಡೆಯುತ್ತದೆ. ಮಾಡುವಾಗ ಇದು ನಿಧಾನ, ಅಂಕ ಕಡಿಮೆ, ಮನಸ್ಸಿಗೆ ಅಷ್ಟು ಹಿತವಿಲ್ಲ. ಆ ಅಹಿತಕ್ಕೆ ಹೆದರಿ ಬಿಡಬೇಡಿ.

ಹೆಜ್ಜೆ 6: ಮನೆಯಲ್ಲಿ ಕೂಸು ಇದ್ದರೆ

ಕೂಸಿನ ಮುಂದೆ ಮನುಷ್ಯರು ಮಾತಾಡಲಿ. ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು 2003ರಲ್ಲಿ 9 ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನಾದ ಮ್ಯಾಂಡರಿನ್ ನುಡಿಯನ್ನು ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದವರಿಂದ ಕೂಸುಗಳು ಆ ನುಡಿಯ ಧ್ವನಿಭೇದ ಕಲಿತವು. ಅದೇ ಮಾತನ್ನು ವಿಡಿಯೊದಲ್ಲಿ ತೋರಿಸಿದಾಗ ಕಲಿಯಲಿಲ್ಲ. ಮೊಬೈಲಿನ ಹಾಡಿಗಿಂತ ಅಜ್ಜಿಯ ಜೋಗುಳ ಮೇಲು ಎಂದು ನಾನು ಧೈರ್ಯವಾಗಿ ಹೇಳುವುದು ಇದರ ಬಲದಿಂದ.

ಮನೆಯ ಹೊರಗೆ ಉರ್ದು, ಮರಾಠಿ, ಲಂಬಾಣಿ ಕೇಳಿಸುವ ಓಣಿಗಳು ಹುಬ್ಬಳ್ಳಿಯಲ್ಲಿ ಬೇಕಾದಷ್ಟಿವೆ. ಕೂಸಿಗೆ ಗೊಂದಲವಾದೀತೆಂದು ಅದನ್ನು ತಡೆಯಬೇಡಿ. ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದಂತೆ, ಇಂಗ್ಲಿಷ್ ಮನೆಯ ಕೂಸುಗಳು 6ರಿಂದ 8 ತಿಂಗಳಲ್ಲಿ ಹಿಂದಿಯ "ತ" ಮತ್ತು "ಟ" ಭೇದವನ್ನು ಗುರುತಿಸುತ್ತವೆ, 10ರಿಂದ 12 ತಿಂಗಳಿಗೆ ಬರುವಾಗ ಹೆಚ್ಚಿನವು ಆ ಶಕ್ತಿ ಕಳೆದುಕೊಳ್ಳುತ್ತವೆ. ಸುತ್ತ ಕೇಳದ ಭೇದವನ್ನು ಮಿದುಳು ಬಿಟ್ಟುಕೊಡುತ್ತದೆ, ಕೇಳುತ್ತಿದ್ದದ್ದನ್ನು ಉಳಿಸಿಕೊಳ್ಳುತ್ತದೆ.

ಹೆಜ್ಜೆ 7: ಕಂಡ ಕ್ರಮ ನಿಜವೇ ಎಂದು ನಾಲ್ಕು ಮನೆ ಬರೆದು ನೋಡಿ

ಕ್ರಮ ಹುಡುಕುವ ಮಿದುಳಿಗೆ ಇಲ್ಲದ ಕ್ರಮವೂ ಕಾಣುತ್ತದೆ. ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್ 1948ರಲ್ಲಿ ಪಾರಿವಾಳಗಳಿಗೆ, ಅವು ಏನು ಮಾಡಿದರೂ ಮಾಡದಿದ್ದರೂ, ಗೊತ್ತಾದ ಅವಧಿಗೊಮ್ಮೆ ಕಾಳು ಹಾಕಿದರು. ಕಾಳು ಬಿದ್ದಾಗ ಆಕಸ್ಮಿಕವಾಗಿ ಸುತ್ತು ಹೊಡೆಯುತ್ತಿದ್ದ ಪಾರಿವಾಳ ಸುತ್ತುತ್ತಲೇ ಇತ್ತು, ತಲೆ ಎತ್ತಿದ್ದದ್ದು ಎತ್ತುತ್ತಲೇ ಇತ್ತು.

ಇರುವೆ ತತ್ತಿ ಹೊತ್ತು ಸಾಗಿದರೆ ಮಳೆ ಎಂಬ ಮಾತು ತೆಗೆದುಕೊಳ್ಳಿ. ವಹಿಯ ಒಂದು ಪುಟದಲ್ಲಿ ನಾಲ್ಕು ಮನೆ ಎಳೆಯಿರಿ: ಇರುವೆ ಸಾಗಿತು, ಮಳೆ ಬಂತು; ಇರುವೆ ಸಾಗಿತು, ಮಳೆ ಇಲ್ಲ; ಇರುವೆ ಇಲ್ಲ, ಮಳೆ ಬಂತು; ಇರುವೆಯೂ ಇಲ್ಲ, ಮಳೆಯೂ ಇಲ್ಲ. ದಿನಕ್ಕೊಂದು ಗೀಟು ಹಾಕುತ್ತಾ ಹೋಗಿ. ಮನಸ್ಸಿನಲ್ಲಿ ಉಳಿಯುವುದು ಮೊದಲ ಮನೆ ಮಾತ್ರ, ಉಳಿದ ಮೂರು ಜಾರಿಹೋಗುತ್ತವೆ. ಬರೆದಿಟ್ಟರೆ ಮಾತ್ರ ನಾಲ್ಕೂ ಎದುರಿಗೆ ಇರುತ್ತವೆ. ಇರುವೆ ಸಾಗಿದ ದಿನಗಳಲ್ಲಿ ಮಳೆಯ ಪಾಲು, ಸಾಗದ ದಿನಗಳ ಪಾಲಿಗಿಂತ ಹೆಚ್ಚಿದ್ದರೆ ಮಾತಿನಲ್ಲಿ ಹುರುಳಿದೆ. ಎರಡೂ ಸರಿಸಮ ಇದ್ದರೆ ಇಲ್ಲ. "ಈ ಊಟ ಮಾಡಿದಾಗೆಲ್ಲ ತಲೆಶೂಲಿ" ಎಂಬಂಥ ಮನೆಯ ಮಾತುಗಳಿಗೂ ಇದೇ ಪುಟ ಸಾಕು.

ಕೆಲವು ಕಡೆ ಪುಟ ಬರೆಯುವ ಅಗತ್ಯವೂ ಇಲ್ಲ. ಓಸಿ ಎಂಬ ಅಂಕಿಯ ಜೂಜು ಆಡುವವರು ಹಳೆಯ ಅಂಕಿಗಳ ಚಾರ್ಟ್ ಹರಡಿಕೊಂಡು "ಇದು ಬಹಳ ದಿನದಿಂದ ಬಂದಿಲ್ಲ, ಇವತ್ತು ಬಂದೇ ಬರ್ತೈತಿ" ಎನ್ನುತ್ತಾರೆ. ನಿನ್ನೆಯ ಅಂಕಿಗೂ ಇವತ್ತಿನ ಅಂಕಿಗೂ ಸಂಬಂಧವಿಲ್ಲದ ಆಟದಲ್ಲಿ ಚಾರ್ಟು ಏನನ್ನೂ ಹೇಳುವುದಿಲ್ಲ. ಮಿದುಳಿನ ಒಳ್ಳೆಯ ಗುಣವೊಂದನ್ನು ಹಿಡಿದು ಬಡವರ ಮನೆ ಮುರಿಯುವ ಆಟ ಅದು. ಪರೀಕ್ಷೆಯ ಕೋಣೆಯಲ್ಲೂ ಇದರದೇ ಸಣ್ಣ ರೂಪ ಕಾಣುತ್ತದೆ: ಸಾಲಾಗಿ ಮೂರು ಉತ್ತರ "ಬಿ" ಬಂದವೆಂದು ನಾಲ್ಕನೆಯದನ್ನು "ಸಿ" ಮಾಡುವುದು. ಗೊತ್ತಿದ್ದ ಉತ್ತರವನ್ನು ಈ ಕಾರಣಕ್ಕೆ ಬದಲಿಸಬೇಡಿ.

ಹೆಜ್ಜೆ 8: ಸುತ್ತಲಿನ ಕ್ರಮ ಬದಲಾದಾಗ

"ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬುದು ತಲೆಮಾರುಗಳು ಕೂಡಿಸಿದ ಲೆಕ್ಕ. ಅದಕ್ಕೆ ಗೌರವ ಕೊಡಬೇಕು. ಆದರೆ ಮಳೆಯ ಕಾಲ ಸರಿದರೆ ಲೆಕ್ಕವನ್ನೂ ತಿದ್ದಬೇಕು. ಮೇಲೆ ಹೇಳಿದ ಪುಟದಲ್ಲಿ ನಿಮ್ಮ ಹೊಲದ ಮಳೆಯನ್ನು ನಕ್ಷತ್ರದ ಪ್ರಕಾರ ಬರೆದಿಡಿ, ಗಾದೆಯ ಪಕ್ಕಕ್ಕೆ ನಿಮ್ಮ ಅಂಕಿಯೂ ಇರಲಿ.

ಹಳೆಯ ಊಹೆ ಹೊಸ ಜಾಗದಲ್ಲಿ ಎಡವಿಸುತ್ತದೆ. ಎಡಬದಿಯ ಬಾಗಿಲಿಂದ ಇಳಿದು ರೂಢಿಯಾದವರು ಚಿಗರಿಯಲ್ಲಿ ಮೊದಲ ಸಲ ಕೂತಾಗ ನಿಲ್ದಾಣ ರಸ್ತೆಯ ನಡುವೆ, ಬಲಗಡೆ ಬರುವುದನ್ನು ಕಂಡು ತಡವರಿಸುತ್ತಾರೆ. ಇದು ಎರಡು ದಿನದಲ್ಲಿ ಸರಿಹೋಗುತ್ತದೆ. ಹಾವೇರಿಯ ಹಳ್ಳಿಯ ಮನೆಯಿಂದ ವಯಸ್ಸಾದವರನ್ನು ಹುಬ್ಬಳ್ಳಿಯ ಅಪಾರ್ಟ್‌ಮೆಂಟಿಗೆ ಕರೆತಂದಾಗ ಮಾತ್ರ ಈ ತಡವರಿಕೆ ಎಲುಬು ಮುರಿಯುವವರೆಗೆ ಹೋಗಬಹುದು. ಹಿತ್ತಲಿಗೆ ಎಷ್ಟು ಹೆಜ್ಜೆ, ಹೊಸ್ತಿಲು ಎಲ್ಲಿ, ಗೋಡೆ ಎಲ್ಲಿ ಎಂಬುದನ್ನು ಅವರ ಮಿದುಳು ಕತ್ತಲಲ್ಲೂ ಬಲ್ಲದು, ಆದರೆ ಹಳೆಯ ಮನೆಯದನ್ನು. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದಾಗ ಅವರು ನಡೆಯುವುದು ಆ ಮನೆಯಲ್ಲೇ.

ಅವರು ಬರುವ ಮುಂಚೆ ಇಷ್ಟು ಮಾಡಿ. ಹಳೆಯ ಮನೆಯಲ್ಲಿ ಹಾಸಿಗೆಯ ಯಾವ ಬದಿಯಿಂದ ಏಳುತ್ತಿದ್ದರೋ ಇಲ್ಲಿಯೂ ಅದೇ ಬದಿ ತೆರವಿರಲಿ. ನೀರಿನ ತಂಬಿಗೆ, ಚಾಳೀಸು, ಬ್ಯಾಟರಿ ಅಲ್ಲಿದ್ದ ಕಡೆಯೇ ಇರಲಿ. ಬಂದ ದಿನ ಹಗಲಿನಲ್ಲಿ ಅವರ ಕೈ ಹಿಡಿದು ಹಾಸಿಗೆಯಿಂದ ಬಚ್ಚಲಿಗೆ ನಾಲ್ಕಾರು ಸಲ ನಡೆಸಿ, ಮರುದಿನವೂ ನಡೆಸಿ. "ಅಪ್ಪಾ, ಇಲ್ಲಿ ಹೊಸ್ತಿಲ ಇಲ್ಲ, ಕಾಲ ಎತ್ತಬ್ಯಾಡ್ರಿ" ಎಂದು ಅದೇ ಜಾಗದಲ್ಲಿ ಪ್ರತಿ ಸಲ ಹೇಳಿ. ಮೊದಲ ಕೆಲವು ತಿಂಗಳು ಕುರ್ಚಿ, ಟೀಪಾಯಿ ಯಾವುದನ್ನೂ ಸರಿಸಬೇಡಿ, ಹಬ್ಬಕ್ಕೆ ಸುಣ್ಣ-ಬಣ್ಣ ಮಾಡುವಾಗ ಸರಿಸಿದರೂ ಸಂಜೆಯೊಳಗೆ ಇದ್ದಲ್ಲಿಗೆ ತನ್ನಿ. ದಾರಿಯಲ್ಲಿ ಸಣ್ಣ ದೀಪವೊಂದು ರಾತ್ರಿಯಿಡೀ ಉರಿಯಲಿ. ದಾರಿ ರೂಢಿಯಾಯಿತೆಂದು ಆಮೇಲೆ ಅದನ್ನು ತೆಗೆಯಬೇಡಿ, ವಯಸ್ಸಾದ ಕಣ್ಣಿಗೆ ಅದು ಬೇಕೇ ಬೇಕು.